ಮೊಣಕಾಲು ಆಪರೇಷನ್: ಯಾವಾಗ ಅಂತ ನಾನು ಹೇಗೆ ತೀರ್ಮಾನ ಮಾಡಿದೆ

ಮೊಣಕಾಲು ಬದಲಿ ಆಪರೇಷನ್‌ಗೆ ತುರ್ತು ಅನ್ನುವುದಿಲ್ಲ. ಅಪೆಂಡಿಕ್ಸ್ ಆದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡುತ್ತೇವೆ, ಯೋಚನೆ ಮಾಡೋಕೆ ಟೈಮೇ ಇರುವುದಿಲ್ಲ. ಮೊಣಕಾಲು ಹಾಗಲ್ಲ. ಇವತ್ತು ಮಾಡಿಸದಿದ್ದರೆ ಜೀವಕ್ಕೇನೂ ಆಗುವುದಿಲ್ಲ, ಮುಂದಿನ ವರ್ಷ ಮಾಡಿಸಿದರೂ ನಡೆಯುತ್ತದೆ. ಕಷ್ಟ ಇರುವುದೇ ಅಲ್ಲಿ. ಡಾಕ್ಟರ್ ‘ಮಾಡಿಸಬಹುದು’ ಅನ್ನುತ್ತಾರೆ, ‘ಮಾಡಿಸಲೇಬೇಕು’ ಅನ್ನುವುದಿಲ್ಲ. ದಿನ ಗೊತ್ತು ಮಾಡಬೇಕಾದವರು ನಾವೇ. ನಮ್ಮ ಓಣಿಯಲ್ಲಿ ಈಗ ಎಷ್ಟೋ ಜನ ಹೆಂಗಸರು ನನ್ನನ್ನು ನಿಲ್ಲಿಸಿ ಇದನ್ನೇ ಕೇಳುತ್ತಾರೆ, ‘ಯಕ್ಕಾ, ನಾನೂ ಮಾಡಿಸ್ಕೊಳ್ಳಲಾ?’ ಅಂತ. ಒಂದು ಮಾತಲ್ಲಿ ಹೇಳೋಕಾಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ 62 ವರ್ಷ. ಬಳ್ಳಾರಿ ಕೌಲ್ ಬಜಾರ್‌ನಲ್ಲಿ ಮನೆ. ಕೆಳಗಿನ ರೂಮಿನಲ್ಲಿ ಜೀನ್ಸ್ ಹೊಲಿಯುವ ಮಿಷನ್‌ಗಳಿವೆ. ಕಟಿಂಗ್ ಆದ ಬಟ್ಟೆ ಬಂಡಲ್ ಕಟ್ಟಿ ಬರುತ್ತದೆ. ಹೊಲಿದು ವಾಪಸ್ ಕೊಟ್ಟರೆ ಪೀಸ್ ಲೆಕ್ಕದಲ್ಲಿ ದುಡ್ಡು. ಮದುವೆಯಾಗಿ ಬಂದಾಗಿನಿಂದ ಇದೇ ಕೆಲಸ. ಮೊದಲು ಕಾಲಲ್ಲಿ ತುಳಿಯುವ ಮಿಷನ್, ಆಮೇಲೆ ಮೋಟರ್ ಬಂತು. ಮೋಟರ್ ಬಂದರೂ ಬಲಗಾಲು ಪೆಡಲ್ ಮೇಲೇ ಇರಬೇಕು. ಐವತ್ತು ದಾಟಿದ ಮೇಲೆ ಆ ಬಲಗಾಲೇ ಮೊದಲು ಹಿಡಿದುಕೊಂಡಿತು. ಸ್ಟೂಲಿನಿಂದ ಎದ್ದರೆ ಮೊದಲ ನಾಲ್ಕು ಹೆಜ್ಜೆ ಗೋಡೆ ಹಿಡಿದೇ ಇಡಬೇಕು, ಆಮೇಲೆ ಸಡಿಲ ಆಗುತ್ತಿತ್ತು.

ಎಲ್ಲರೂ ಮಾಡುವುದನ್ನು ನಾನೂ ಮಾಡಿದೆ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಹಂಚಿನ ಮೇಲೆ ಬಾಡಿಸಿ ಕಟ್ಟಿಕೊಂಡೆ. ಬಿಸಿ ಕೊಟ್ಟಷ್ಟು ಹೊತ್ತು ಹಾಯ್ ಅನಿಸುತ್ತಿತ್ತು. ಮೊಣಕಾಲು ಪಟ್ಟಿ ಹಾಕಿದೆ. ಮೆಡಿಕಲ್ ಶಾಪಿನ ಗುಳಿಗೆ ನುಂಗಿದೆ. ಒಂದು ಕ್ಲಿನಿಕ್‌ನವರು ‘ಆಪರೇಷನ್ ಇಲ್ಲದೆ ಗ್ಯಾಪ್ ತುಂಬಿಸ್ತೀವಿ’ ಅಂತ ಹೇಳಿ ಸೂಜಿಗಳ ಪ್ಯಾಕೇಜ್ ಕೊಟ್ಟರು. ಒಂದೆರಡು ತಿಂಗಳು ನೋವು ಕಡಿಮೆ ಇತ್ತು, ಆಮೇಲೆ ಮೊದಲಿನ ಹಾಗೇ ಆಯಿತು. ಸವೆದುಹೋದ ಕಾರ್ಟಿಲೇಜ್ ಅನ್ನು, ಅಂದರೆ ಮೂಳೆ ತುದಿಯ ನುಣುಪಾದ ಹೊದಿಕೆಯನ್ನು, ಮತ್ತೆ ಬೆಳೆಸುವ ಸೂಜಿ ಯಾವುದೂ ಇಲ್ಲ, ನೋವು ತಡೆಯುವ ಸೂಜಿ ಮಾತ್ರ ಇದೆ ಎಂದು ಆಮೇಲೆ ನೋಡಿದ ಮೂಳೆ ಡಾಕ್ಟರ್ ಬಿಡಿಸಿ ಹೇಳಿದರು. ದುಡ್ಡು ಕೊಡುವ ಮುಂಚೆ ಯಾರಾದರೂ ಈ ಒಂದು ವಾಕ್ಯ ಹೇಳಿದ್ದರೆ ಚೆನ್ನಾಗಿತ್ತು.

ಆ ಡಾಕ್ಟರ್ ಸಿಕ್ಕಿದ್ದು ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ, ನಮ್ಮ ಜನ ಇವತ್ತಿಗೂ ವಿಮ್ಸ್ ಅಂತಲೇ ಕರೆಯುತ್ತಾರಲ್ಲ, ಅಲ್ಲಿ. ನಾನು ಚೀಲದಲ್ಲಿ ತಂದಿದ್ದ ಹಳೆಯ ಎಕ್ಸ್‌ರೇ ನೋಡಿ ಪಕ್ಕಕ್ಕಿಟ್ಟರು. ‘ಇದು ಮಲಗಿಸಿ ತೆಗೆದಿದ್ದು. ನಿಂತುಕೊಂಡು ತೆಗೆಸಿಕೊಂಡು ಬನ್ನಿ ಅಮ್ಮಾ’ ಅಂದರು. ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಂತು ತೆಗೆಸಿದೆ. ಎರಡು ಫಿಲಂ ಪಕ್ಕಪಕ್ಕ ಹಿಡಿದು ತೋರಿಸಿದಾಗ ನನಗೇ ಗೊತ್ತಾಯಿತು. ಮಲಗಿದಾಗ ಎರಡು ಮೂಳೆ ನಡುವೆ ಒಂದಿಷ್ಟು ಕಪ್ಪು ಜಾಗ ಕಾಣುತ್ತಿತ್ತು. ನಿಂತಾಗ ಬಲಗಾಲಿನ ಒಳಬದಿಯಲ್ಲಿ ಆ ಕಪ್ಪು ಪೂರಾ ಮಾಯ, ಬಿಳಿಗೆ ಬಿಳಿ ತಾಗಿತ್ತು. ಭಾರ ಬಿದ್ದಾಗಲೇ ಸವೆತ ಗೊತ್ತಾಗುವುದು. ಬಲಗಾಲು ನಾಲ್ಕನೇ ಗ್ರೇಡ್, ಅಂದರೆ ಕಡೆಯ ಹಂತ. ಎಡಗಾಲು ಮೂರನೇದು.

‘ಹಂಗಾದ್ರೆ ಆಪರೇಷನ್ನೇ ಏನ್ರೀ ಸರ್?’ ಅಂತ ನಮ್ಮ ಮನೆಯವರು ಕೇಳಿದರು. ಡಾಕ್ಟರ್ ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನ್ನನ್ನು ಕೇಳೋಕೆ ಶುರು ಮಾಡಿದರು. ರಾತ್ರಿ ನೋವಿಗೆ ಎಚ್ಚರ ಆಗುತ್ತಾ? ನಿಲ್ಲದೆ ಎಷ್ಟು ದೂರ ನಡೀತೀರಿ? ಮೆಟ್ಟಿಲು ಒಂದೊಂದಕ್ಕೂ ಎರಡು ಕಾಲು ಸೇರಿಸಿ ಇಳೀತೀರಾ? ಕಾಲು ಪೂರಾ ನೆಟ್ಟಗೆ ಚಾಚೋಕೆ ಬರುತ್ತಾ? ನೋವಿಗೆ ಹೆದರಿ ಏನೇನು ಬಿಟ್ಟಿದ್ದೀರಿ? ಹುಟ್ಟಿ ಬೆಳೆದ ಊರು ಯಾವುದು, ಯಾವ ನೀರು ಕುಡಿದಿರಿ ಅಂತಲೂ ಕೇಳಿದರು. ನನ್ನ ತವರು ಕುಷ್ಟಗಿ ಕಡೆ. ಕೊಪ್ಪಳ, ರಾಯಚೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದರಿಂದಲೂ ಕೀಲು, ಬೆನ್ನು ಬಿಗಿಯುತ್ತವೆ. ಅಂಥ ನೋವಿಗೆ ಮೊಣಕಾಲು ಬದಲಿಸಿದರೆ ಪ್ರಯೋಜನ ಇಲ್ಲವಂತೆ. ಅದನ್ನು ಬೇರೆಯಾಗಿ ನೋಡಿ, ನನಗೆ ಇರುವುದು ಸವೆತವೇ ಅಂತ ಖಾತ್ರಿ ಮಾಡಿಕೊಂಡರು.

ಆಮೇಲೆ ಅವರು ಹೇಳಿದ್ದು ಇಷ್ಟು: ‘ಎಕ್ಸ್‌ರೇ ನೋಡಿ ಆಪರೇಷನ್ ಮಾಡೋದಲ್ಲಮ್ಮ. ಕೆಲವರ ಎಕ್ಸ್‌ರೇ ಇದಕ್ಕಿಂತ ಕೆಟ್ಟದಾಗಿರುತ್ತೆ, ಅವರು ಆರಾಮಾಗಿ ಸಂತೆಗೆ ಹೋಗಿ ಬರ್ತಾರೆ. ನಿಮಗೆ ಎಷ್ಟು ತೊಂದರೆ ಅಂತ ನೋಡಬೇಕು. ಮೊದಲು ಬೇರೆ ಏನಿದೆಯೋ ಅದನ್ನು ಸರಿಯಾಗಿ ಮಾಡಿ, ಆಮೇಲೆ ಬನ್ನಿ.’

ಸರಿಯಾಗಿ ಮಾಡುವುದು ಅಂದರೆ ಏನು ಅಂತ ಅವರೇ ಬರೆದುಕೊಟ್ಟರು. ತೂಕ ಇಳಿಸಬೇಕು. ಒಂದು ಕಿಲೋ ಇಳಿದರೆ ನಡೆಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆ ಆಗುತ್ತದಂತೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡಬೇಕು. ಕಾಲು ಚಾಚಿ ಕೂತು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಗೆ ಒತ್ತಿ ಹತ್ತು ಎಣಿಸುವವರೆಗೆ ಹಿಡಿಯುವುದು. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರಿನ ಕೈಯಲ್ಲಿ ಹಿಡಿಯಬೇಕು. ನಮ್ಮಲ್ಲಿ ಎಲ್ಲರೂ ನೋಯುವ ಕಾಲಿನ ಕಡೆಗೇ ಹಿಡಿಯುತ್ತಾರೆ. ಬಲಗಾಲು ನೋವಿದ್ದರೆ ಎಡಗೈಯಲ್ಲಿ ಹಿಡಿದು ನೋಡಿ, ವ್ಯತ್ಯಾಸ ಆ ಕ್ಷಣಕ್ಕೇ ಗೊತ್ತಾಗುತ್ತದೆ.

ಈ ವ್ಯಾಯಾಮದಿಂದ ಎಡಗಾಲು ನಿಜಕ್ಕೂ ಸುಧಾರಿಸಿತು. ಇದನ್ನು ಒತ್ತಿ ಹೇಳುತ್ತೇನೆ. ಮೂರನೇ ಗ್ರೇಡ್‌ನ ಕಾಲು ಆಪರೇಷನ್ ಇಲ್ಲದೆ ತಡೆದುಕೊಂಡಿದೆ. ಬಲಗಾಲು ಮಾತ್ರ ಸುಧಾರಿಸಲಿಲ್ಲ.

ಆಗ ನನ್ನ ಕಣ್ಣ ಮುಂದೆ ಇಬ್ಬರಿದ್ದರು. ಒಬ್ಬರು ಸಿರುಗುಪ್ಪದಲ್ಲಿರುವ ನಮ್ಮ ದೊಡ್ಡಮ್ಮನ ಮಗಳು ಅಕ್ಕ. ‘ತಡಕೊಳ್ಳೋಷ್ಟು ದಿನ ತಡಕೊಳ್ಳೋಣ’ ಅಂತ ಅಕ್ಕ ವರ್ಷಗಟ್ಟಲೆ ತಡೆದುಕೊಂಡರು. ಎರಡೂ ಕಾಲು ಹೊರಗೆ ಬಾಗಿದವು, ಮೊಣಕಾಲು ಮಡಿಚಿದಷ್ಟೇ ನಿಂತಿತು, ನೆಟ್ಟಗೆ ಬರದು. ಕಡೆಗೆ ಮಾಡಿಸಿದಾಗ ತೊಡೆಯಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಆಪರೇಷನ್ ಚೆನ್ನಾಗೇ ಆಯಿತು. ಆದರೆ ಸ್ವಂತವಾಗಿ ಎದ್ದು ಓಡಾಡೋಕೆ ತುಂಬಾ ದಿನ ಹಿಡಿಯಿತು. ಇನ್ನೊಬ್ಬರು ನಮ್ಮ ಮನೆಯವರ ಗೆಳೆಯರು. ಐವತ್ತೈದೂ ಆಗಿರಲಿಲ್ಲ, ಸಾಧಾರಣ ನೋವು, ನಡೆದಾಡಿಕೊಂಡು ಇದ್ದವರು. ಇನ್ಶೂರೆನ್ಸ್ ಇದೆ ಅಂತ ಬೇಗ ಮಾಡಿಸಿಕೊಂಡರು. ಈಗ ಅವರು ‘ಮುಂಚೆಯೇ ಚೆನ್ನಾಗಿತ್ತು’ ಅನ್ನುತ್ತಾರೆ. ಆಪರೇಷನ್ ಮಾಡಿಸಿಕೊಂಡ ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಪೂರ್ತಿ ಸಮಾಧಾನ ಇರುವುದಿಲ್ಲ ಅಂತ ಡಾಕ್ಟರ್ ನನಗೆ ಮುಂಚೆಯೇ ಹೇಳಿದ್ದರು. ನೋವು ಕಡಿಮೆ ಇದ್ದಾಗ ಮಾಡಿಸಿಕೊಂಡವರಿಗೆ ಸಿಗುವ ಲಾಭವೂ ಕಡಿಮೆ. ಚಿಕ್ಕ ವಯಸ್ಸಲ್ಲಿ ಹಾಕಿಸಿದರೆ ಮುಂದೆ ಇನ್ನೊಮ್ಮೆ ಬದಲಿಸಬೇಕಾಗುವ ಸಂಭವವೂ ಜಾಸ್ತಿ.

ಆಪರೇಷನ್‌ನಲ್ಲಿ ಹಾಕುವ ಹೊಸ ಕೀಲು ಎಷ್ಟು ವರ್ಷ ಬಾಳುತ್ತದೆ ಅಂತ ಬೆಂಗಳೂರಿನಲ್ಲಿರುವ ನನ್ನ ಮಗ ಹುಡುಕಿ ಓದಿ ಹೇಳಿದ. 2019ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ಪೂರ್ತಿ ಮೊಣಕಾಲು ಬದಲಿಸಿದವರಲ್ಲಿ 25 ವರ್ಷ ಆದ ಮೇಲೂ ಸುಮಾರು ನೂರಕ್ಕೆ 82 ಕೀಲುಗಳು ಬದಲಾಯಿಸದೆ ಹಾಗೇ ಇದ್ದವು. ನನ್ನ ವಯಸ್ಸಿಗೆ ಅಷ್ಟು ಸಾಕು.

ಹಾಗಾದರೆ ನನಗೆ ‘ಈಗ’ ಅನಿಸಿದ್ದು ಯಾವಾಗ? ಮೂರು ಸಂಗತಿ ಒಟ್ಟಿಗೆ ಸೇರಿದವು. ಮಗ್ಗುಲು ಹೊರಳಿದರೆ ಸಾಕು, ರಾತ್ರಿ ನಿದ್ದೆ ಹರಿಯೋದು. ಕೂತಾಗಲೂ ಮಲಗಿದಾಗಲೂ ನೋವು. ಎರಡನೆಯದು, ಕಾಲು ನೆಟ್ಟಗೆ ಚಾಚಿದರೆ ಮೊಣಕಾಲಿನ ಹಿಂದೆ ಅಂಗೈ ತೂರುವಷ್ಟು ಸಂದಿ ಉಳಿಯೋಕೆ ಶುರುವಾಗಿತ್ತು. ಸಿರುಗುಪ್ಪದ ಅಕ್ಕನಿಗೂ ಹೀಗೇ ಶುರುವಾಗಿದ್ದು. ಮೂರನೆಯದೇ ದೊಡ್ಡದು. ನೋವಿನ ಗುಳಿಗೆ ಇಲ್ಲದೆ ದಿನ ದೂಡುವುದು ಆಗುತ್ತಿರಲಿಲ್ಲ, ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಮೇಲೇರಿತ್ತು, ಅಂದರೆ ಕಿಡ್ನಿ ಕೆಲಸ ಕುಗ್ಗಿದೆ ಅಂತ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಈ ಗುಳಿಗೆಗಳನ್ನು ದಿನಾ ನುಂಗಿದರೆ ಕಿಡ್ನಿಗೆ ಪೆಟ್ಟು. ‘ಕಾಲು ಉಳಿಸಿಕೊಳ್ಳೋಕೆ ಹೋಗಿ ಕಿಡ್ನಿ ಕಳಕೊಳ್ಳಬೇಡಿ’ ಅಂದರು ಡಾಕ್ಟರ್. ಆವತ್ತು ಮನೆಗೆ ಬಂದು ನಮ್ಮ ಮನೆಯವರಿಗೆ ‘ಬಲಗಾಲು ಮಾಡಿಸಿಬಿಡೋಣ’ ಅಂದೆ. ಕನಕ ದುರ್ಗಮ್ಮನ ಗುಡಿಗೆ ಹೋಗುವುದನ್ನೂ ಅಷ್ಟೊತ್ತಿಗೆ ಬಿಟ್ಟಿದ್ದೆ.

ಮಾಡಿಸುವುದು ಅಂತ ಆದ ಮೇಲೂ ತಕ್ಷಣ ಆಗುವುದಿಲ್ಲ. ನನ್ನ ಮೂರು ತಿಂಗಳ ಸಕ್ಕರೆ, ಎಚ್‌ಬಿಎ1ಸಿ ಅನ್ನುತ್ತಾರಲ್ಲ, ಅದು 9ರ ಮೇಲಿತ್ತು. 7.5ರ ಒಳಗೆ ತನ್ನಿ ಅಂದರು. ಸಕ್ಕರೆ ಜಾಸ್ತಿ ಇದ್ದರೆ ಗಾಯಕ್ಕೆ ಸೋಂಕು ಹತ್ತುತ್ತದೆ. ಒಳಗಿನ ಕೀಲಿಗೆ ಸೋಂಕು ಹತ್ತಿದರೆ ಅದನ್ನೇ ತೆಗೆದು ಮತ್ತೆ ಮಾಡಬೇಕಾಗಬಹುದು. ಹುಳುಕು ಹಲ್ಲು ಕೀಳಿಸಿದೆ, ಉರಿಮೂತ್ರ ಇದೆಯೇ ಅಂತ ಪರೀಕ್ಷೆ ಆಯಿತು, ಹಿಮ್ಮಡಿ ಒಡಕು ವಾಸಿ ಮಾಡಿಕೊಂಡೆ. ಮೈಯಲ್ಲಿ ಎಲ್ಲೇ ಕೀವು, ಸೋಂಕು ಇದ್ದರೂ ಅದು ರಕ್ತದಲ್ಲಿ ಹರಿದು ಹೊಸ ಕೀಲಿಗೆ ಬಂದು ಕೂರಬಹುದಂತೆ. ಮೊಣಕಾಲಿಗೆ ಸ್ಟಿರಾಯ್ಡ್ ಸೂಜಿ ಹಾಕಿಸಿಕೊಂಡಿದ್ದರೆ ಮೂರು ತಿಂಗಳು ಕಾಯಬೇಕು. ‘ಆಪರೇಷನ್ ತನಕ ತಡೆಯಲಿ’ ಅಂತ ಯಾರಾದರೂ ಸೂಜಿ ಹಾಕೋಕೆ ಬಂದರೆ ಇದನ್ನು ನೆನಪಿಡಿ.

ತಿಂಗಳು ಯಾವುದು ಅನ್ನುವುದನ್ನು ನಾವೇ ಲೆಕ್ಕ ಹಾಕಿದೆವು. ಬಳ್ಳಾರಿ ಬೇಸಿಗೆ ನಿಮಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಆ ಸೆಖೆಯಲ್ಲಿ ಬ್ಯಾಂಡೇಜ್, ಅದರ ಮೇಲೆ ತೊಡೆವರೆಗೆ ಬಿಗಿಯಾದ ಕಾಲುಚೀಲ, ಮಧ್ಯೆ ಕರೆಂಟ್ ಹೋಗುವುದು, ಬೇಡವೇ ಬೇಡ. ದಸರಾ, ದೀಪಾವಳಿ ಮುಂಚೆ ಜೀನ್ಸ್ ಆರ್ಡರ್ ಜೋರು, ಆಗ ನಾನು ಮಲಗಿದರೆ ಮನೆ ನಡೆಯುವುದಿಲ್ಲ. ದೀಪಾವಳಿ ಮುಗಿದ ಮೇಲೆ ಕೆಲಸ ಸಡಿಲ, ಹವೆಯೂ ತಂಪು. ಕುಷ್ಟಗಿಯಿಂದ ತಂಗಿ ಬಂದು ಇರಬೇಕಿತ್ತು. ಅವಳಿಗೆ ಜೋಳದ ಸುಗ್ಗಿ ಸಂಕ್ರಾಂತಿ ಆದ ಮೇಲೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲೋಕೆ ಊರಿಗೆ ಹೋಗಿ ಬಂದರೆ ಸಾಕು. ಹಾಗಾಗಿ ದೀಪಾವಳಿ ಕಳೆದ ಮೇಲಿನ ದಿನವೇ ಗಟ್ಟಿಯಾಯಿತು. ಸಕ್ಕರೆ ಇಳಿಸೋಕೂ ಅಷ್ಟರೊಳಗೆ ಟೈಮ್ ಸಿಕ್ಕಿತು. ಕಾಲು ನಮ್ಮದೇ ಆದರೂ ಮೂರು ತಿಂಗಳು ಇಡೀ ಮನೆಯೇ ಅದರ ಹಿಂದೆ ನಿಲ್ಲಬೇಕು.

ಎಲ್ಲಿ ಅನ್ನುವುದಕ್ಕೆ ಮನೆಯಲ್ಲಿ ಸಣ್ಣ ಜಟಾಪಟಿಯೇ ಆಯಿತು. ‘ಬೆಂಗಳೂರಿಗೆ ಬಾ ಅವ್ವಾ, ಇಲ್ಲಿ ದೊಡ್ಡ ಆಸ್ಪತ್ರೆ ಇದಾವೆ, ರೋಬೋಟ್‌ನಾಗ ಮಾಡ್ತಾರೆ’ ಅಂದ ಮಗ. ನಾನು ಒಪ್ಪಲಿಲ್ಲ. ಬೆಂಗಳೂರು ಇಲ್ಲಿಂದ 300 ಕಿಲೋಮೀಟರ್. ಮನೆಗೆ ಬಂದ ಮೇಲೆ ರಾತ್ರಿ ಗಾಯದಿಂದ ನೀರು ಸೋರಿದರೆ, ಮೀನಖಂಡ ಊದಿಕೊಂಡರೆ ಯಾರಿಗೆ ತೋರಿಸಲಿ? ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲ ವಾರಗಳಲ್ಲೇ ಜಾಸ್ತಿ. ಮಾಡಿದವರೇ ಹತ್ತಿರದಲ್ಲಿ ಇರಬೇಕು ಅಂತ ನನ್ನ ಹಟ. ರೋಬೋಟ್ ಬಗ್ಗೆ ಊರಿನ ಸರ್ಜನ್‌ಗೆ ನೇರವಾಗಿ ಕೇಳಿದೆ. ಮೂಳೆಯನ್ನು ಕರಾರುವಾಕ್ಕಾಗಿ ಕತ್ತರಿಸೋಕೆ ಅದು ನೆರವಾಗುತ್ತದೆ, ಆದರೆ ಹತ್ತಾರು ವರ್ಷದ ಮೇಲೆ ಅದೇ ಮೇಲು ಅನ್ನುವುದು ಇನ್ನೂ ಸ್ಪಷ್ಟ ಆಗಿಲ್ಲ ಅಂದರು. ಈ ಆಪರೇಷನ್ ಎಷ್ಟು ಮಾಡುತ್ತೀರಿ, ಸೋಂಕು ಆದರೆ ಏನು ಮಾಡುತ್ತೀರಿ ಅಂತಲೂ ಕೇಳಿದೆ. ಬೇಜಾರು ಮಾಡಿಕೊಳ್ಳದೆ ಕೂತು ಉತ್ತರ ಕೊಟ್ಟರು. ಇವರ ಕೈಯಲ್ಲೇ ಮಾಡಿಸಬೇಕು ಅಂತ ಆಗಲೇ ಮನಸ್ಸಿಗೆ ಬಂತು.

ದುಡ್ಡಿನ ವಿಚಾರ. ನಮ್ಮದು ಬಿಪಿಎಲ್ ಕಾರ್ಡ್. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಖರ್ಚು ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಆದರೆ ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸಕ್ಕೆ ಆರೋಗ್ಯಮಿತ್ರ ಅಂತ ಒಬ್ಬರಿರುತ್ತಾರೆ, ಮೊದಲು ಅವರನ್ನು ಕಾಣಿ. ಆಧಾರ್, ರೇಷನ್ ಕಾರ್ಡ್‌ನಲ್ಲಿ ಹೆಸರು ಒಂದೇ ಥರ ಇರಲಿ. ಕೈಯಿಂದ ದುಡ್ಡು ಹಾಕುವವರಿಗೂ ಒಂದು ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಕೀಲಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಅದಕ್ಕೆ ಮುಂಚೆ ಲಕ್ಷ ದಾಟುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ, ಟೈಟಾನಿಯಂನಂಥ ವಿಶೇಷ ಲೋಹದ್ದಕ್ಕೆ 76,600 ಅಂತ ಮಾಡಿದರು, ಜಿಎಸ್‌ಟಿ ಬೇರೆ. ಬಿಲ್‌ನಲ್ಲಿ ಕೀಲಿನ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ, ಅದರ ಸ್ಟಿಕರ್ ಜೋಪಾನವಾಗಿಡಿ. ಮುಂದೆ ಯಾವ ಡಾಕ್ಟರ್ ನೋಡಿದರೂ ಅದು ಬೇಕಾಗುತ್ತದೆ.

ಎರಡೂ ಕಾಲು ಒಟ್ಟಿಗೆ ಮಾಡಿಸಿಬಿಡು, ಒಂದೇ ಸಲ ಮುಗಿಯುತ್ತೆ ಅಂತ ಹೇಳಿದವರು ಬಹಳ. ಒಂದೇ ದಿನ ಎರಡು ಮಾಡಿದರೆ ಹೃದಯದ ಮೇಲೆ ಹೊರೆ ಜಾಸ್ತಿ, ರಕ್ತ ಹೋಗುವುದೂ ಜಾಸ್ತಿ. ಎಡಗಾಲು ಇನ್ನೂ ಕೈಕೊಟ್ಟಿರಲಿಲ್ಲ, ಸಕ್ಕರೆ ಬೇರೆ ಇದೆ. ಒಂದೇ ಸಾಕು ಅಂದೆ.

ಹೋಗುವ ಮುಂಚೆ ಮನೆ ಸರಿ ಮಾಡಿಕೊಂಡೆವು. ಬಚ್ಚಲಿನ ಕಡಪ ಕಲ್ಲು ನೀರು ಬಿದ್ದರೆ ಜಾರುತ್ತದೆ, ಅಲ್ಲಿ ರಬ್ಬರ್ ಮ್ಯಾಟ್ ಹಾಕಿ ಗೋಡೆಗೆ ಹಿಡಿಕೆ ಹೊಡೆಸಿದೆವು. ಪಾಯಿಖಾನೆಗೆ ಕಮೋಡ್ ಕೂರಿಸಿದೆವು. ಮಂಚದ ಕಾಲಿಗೆ ಕಟ್ಟಿಗೆ ತುಂಡು ಕೊಟ್ಟು ಎತ್ತರ ಮಾಡಿದೆವು. ನೆಲದ ಮೇಲಿನ ಚಾಪೆ, ಮಿಷನ್ ವೈರು ಎಲ್ಲ ಎತ್ತಿಟ್ಟೆವು. ವಾಕರ್ ಮೊದಲೇ ತಂದು ಅದರಲ್ಲಿ ನಡೆದು ಅಭ್ಯಾಸ ಮಾಡಿದೆ.

ಆಪರೇಷನ್ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ಇಡೀ ಮೊಣಕಾಲನ್ನೇ ಕತ್ತರಿಸಿ ತೆಗೆಯುತ್ತಾರೆ ಅಂತ ಎಷ್ಟೋ ಜನ ಹೆದರುತ್ತಾರೆ. ಹಾಗಲ್ಲ. ಸವೆದ ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ, ಮೂಳೆಯ ತುದಿಗಳನ್ನು ಸ್ವಲ್ಪವೇ ಕೊಯ್ದು ಲೋಹದ ಹೊದಿಕೆ ಕೂರಿಸುತ್ತಾರೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಮರುದಿನ ಬೆಳಿಗ್ಗೆ ವಾಕರ್ ಹಿಡಿದು ನಿಲ್ಲಿಸಿದರು.

ನಿಜವಾದ ಕೆಲಸ ಇರುವುದು ಅಲ್ಲಿಂದ ಮುಂದೆ. ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗಿ ಬಹಳ ಖಡಕ್. ಬಂದವಳೇ ಮೊದಲು ನೋಡುತ್ತಿದ್ದುದು ನನ್ನ ಮೊಣಕಾಲಿನ ಕೆಳಗೆ ದಿಂಬು ಇದೆಯಾ ಅಂತ. ದಿಂಬು ಇಟ್ಟರೆ ಹಾಯ್ ಅನಿಸುತ್ತದೆ, ತಂಗಿ ಕನಿಕರದಿಂದ ಇಟ್ಟೂ ಇಡುತ್ತಿದ್ದಳು. ಫಿಸಿಯೋ ಅದನ್ನು ಎಳೆದು ತೆಗೆದು, ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗೆ ಇಡೋಳು. ಆಗ ಮೊಣಕಾಲು ತನ್ನ ಭಾರಕ್ಕೇ ಕೆಳಗೆ ಇಳಿದು ನೆಟ್ಟಗಾಗುತ್ತದೆ. ಹಿಂದಿನ ನರ ಹರಿದೇ ಹೋಯಿತೇನೋ ಅನ್ನುವಂಥ ಸೆಳೆತ. ‘ಅಮ್ಮಾ, ಮಡಚೋದನ್ನ ನಿಧಾನಕ್ಕಾದ್ರೂ ಕಲೀಬಹುದು. ನೆಟ್ಟಗೆ ಬರೋದು ಈಗ ತಪ್ಪಿದ್ರೆ ಕುಂಟೋದು ಉಳಿದುಬಿಡುತ್ತೆ’ ಅನ್ನೋಳು. ಹೊಲಿಗೆ ಬಿಚ್ಚುವ ಹೊತ್ತಿಗೆ, ಅಂದರೆ ಸುಮಾರು ಎರಡು ವಾರಕ್ಕೆ, 90 ಡಿಗ್ರಿ ಮಡಚಬೇಕು ಅಂತ ಗುರಿ. ನೋವಿನ ಗುಳಿಗೆ ನುಂಗಿ ಅರ್ಧ ಗಂಟೆ ಆದ ಮೇಲೆ ವ್ಯಾಯಾಮ, ಆಮೇಲೆ ಐಸ್. ಕಿಡ್ನಿಗೆ ತೊಂದರೆ ಆಗದ ಗುಳಿಗೆಯನ್ನೇ ಬರೆದಿದ್ದರು.

ರಾತ್ರಿಗಳು ಕಷ್ಟ. ಮೂರನೇ ವಾರ ಮನಸ್ಸು ಪೂರಾ ಕುಗ್ಗಿತು, ಕಾಲು ಊದಿ, ಮುಟ್ಟಿದರೆ ಬೆಚ್ಚಗೆ. ಸಿರುಗುಪ್ಪದ ಅಕ್ಕ ದಿನಾ ಸಂಜೆ ಫೋನ್ ಮಾಡಿ ‘ಇದು ಎಲ್ಲಾರಿಗೂ ಆಗ್ತೈತಿ ತಂಗಿ, ಹೋಗ್ತೈತಿ, ವ್ಯಾಯಾಮ ಮಾತ್ರ ಬಿಡಬ್ಯಾಡ’ ಅನ್ನೋರು. ಆ ಫೋನು ಎಷ್ಟು ದೊಡ್ಡ ಆಸರೆ ಅಂತ ಹೇಳೋಕಾಗಲ್ಲ. ಆಪರೇಷನ್ ಮಾಡಿಸಿಕೊಳ್ಳುವವರು, ಮುಂಚೆ ಮಾಡಿಸಿಕೊಂಡ ಒಬ್ಬರ ನಂಬರ್ ಕೈಯಲ್ಲಿ ಇಟ್ಟುಕೊಳ್ಳಿ. ಸೆಖೆ ಇಲ್ಲದ ತಿಂಗಳು ಆರಿಸಿಕೊಂಡಿದ್ದರ ಬೆಲೆಯೂ ಆಗಲೇ ತಿಳಿಯಿತು.

ಸಂಕ್ರಾಂತಿ ಹೊತ್ತಿಗೆ ವಾಕರ್ ಹೋಗಿ ಕೋಲು ಬಂದಿತ್ತು, ಶಿವರಾತ್ರಿ ಹೊತ್ತಿಗೆ ಕೋಲೂ ಹೋಯಿತು. ಯುಗಾದಿ ಆರ್ಡರ್‌ಗೆ ಮಿಷನ್ ಮೇಲೆ ಕೂತೆ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುತ್ತಾ. ಈಗ ರಾತ್ರಿ ನಿದ್ದೆ ಬರುತ್ತದೆ. ನೋವಿನ ಗುಳಿಗೆ ನಿಂತಿದೆ, ಕ್ರಿಯಾಟಿನಿನ್ ಕೆಳಗೆ ಬಂದಿದೆ. ಕಾಲು ಹಾಸಿಗೆಗೆ ಪೂರಾ ತಾಗುತ್ತದೆ. ಗಾಯದ ಹೊರಬದಿಯಲ್ಲಿ ಅಂಗೈ ಅಗಲ ಚರ್ಮ ಜೋಮು ಹಿಡಿದ ಹಾಗೇ ಇದೆ, ನಡೆದರೆ ಒಮ್ಮೊಮ್ಮೆ ಟಕ್ ಅಂತ ಸದ್ದು ಬರುತ್ತದೆ. ಎರಡೂ ಸಾಮಾನ್ಯವಂತೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದಿಲ್ಲ. ಮದುವೆ ಮನೆಯಲ್ಲಿ ಕುರ್ಚಿ ಕೇಳಿ ಕೂರುತ್ತೇನೆ, ರೊಟ್ಟಿ ಬಡಿಯುವುದು ಗ್ಯಾಸ್ ಕಟ್ಟೆ ಮುಂದೆ ನಿಂತುಕೊಂಡೇ. ಇಷ್ಟು ಬಿಡಬೇಕಾಗುತ್ತದೆ ಅನ್ನುವುದು ಮೊದಲೇ ಗೊತ್ತಿತ್ತು, ಒಪ್ಪಿಯೇ ಹೋಗಿದ್ದೆ.

ಎಡಗಾಲಿನ ಆಪರೇಷನ್‌ಗೆ ಇನ್ನೂ ದಿನ ಗೊತ್ತು ಮಾಡಿಲ್ಲ. ಟವೆಲ್ ಒತ್ತುವ ವ್ಯಾಯಾಮ ಎರಡೂ ಕಾಲಿಗೆ ನಡೆದಿದೆ. ಎಡಗಾಲು ನೆಟ್ಟಗೆ ಬರುತ್ತಿದೆ, ರಾತ್ರಿ ಎಬ್ಬಿಸುತ್ತಿಲ್ಲ. ಡಾಕ್ಟರ್ ವರ್ಷಕ್ಕೊಮ್ಮೆ ನಿಂತು ಎಕ್ಸ್‌ರೇ ತೆಗೆಸಿ ಬನ್ನಿ ಅಂದಿದ್ದಾರೆ. ದೀಪಾವಳಿ ಆರ್ಡರ್ ಮುಗಿಸಿಕೊಂಡು ಹೋಗುತ್ತೇನೆ.